ಹೊಟ್ಟೆಯ ಸೋಂಕಿಗೆ ಎರಡು ವಾರದ ಮಾತ್ರೆ: ಬಾಯಿ ಕಹಿಗಿಂತ ಹೆದರಬೇಕಾದದ್ದು ಬೇರೆ ಇದೆ

ಎಂಡೋಸ್ಕೋಪಿ ರಿಪೋರ್ಟಿನ ಕೊನೆಯಲ್ಲಿ 'ಆರ್‌ಯುಟಿ ಪಾಸಿಟಿವ್' ಎಂದು ಬರೆದಿದ್ದರೆ, ಹೊಟ್ಟೆಯಲ್ಲಿ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆ ಎಂದರ್ಥ. ಡಾಕ್ಟರು ಎರಡು ವಾರಕ್ಕೆ ಮಾತ್ರೆ ಬರೆಯುತ್ತಾರೆ. ಎಷ್ಟೋ ಕಡೆ ಇದು ಕಿಟ್ ರೂಪದಲ್ಲೇ ಸಿಗುತ್ತದೆ. ಬೆಳಿಗ್ಗೆಯದು ಒಂದು ಸಾಲು, ರಾತ್ರಿಯದು ಒಂದು ಸಾಲು. ಎರಡು ಮೂರು ದಿನಕ್ಕೆಲ್ಲ ಬಾಯಿ ಕಹಿಯಾಗುತ್ತದೆ. ಹೊಟ್ಟೆ ತೊಳಸುತ್ತದೆ, ದಿನಕ್ಕೆ ಮೂರು ನಾಲ್ಕು ಸಲ ಟಾಯ್ಲೆಟ್ಟಿಗೆ ಓಡಬೇಕಾಗುತ್ತದೆ. 'ಗ್ಯಾಸ್ಟ್ರಿಕ್ ಎಂದು ಹೋದರೆ ಇದ್ದ ಹೊಟ್ಟೆಯನ್ನೂ ಕೆಡಿಸಿದರು' ಎಂದು ಬೈದುಕೊಂಡು ಕಿಟ್ಟನ್ನು ಮೂಲೆಗೆ ಎಸೆಯುವವರು ಕಡಿಮೆ ಇಲ್ಲ.

ಬಹುಪಾಲು ಜನ ಹೆದರುವುದು ಇಂಥ ತೊಂದರೆಗಳಿಗೆ. ಇವು ಎರಡು ವಾರದಲ್ಲಿ ಬಂದು ಹೋಗುವಂಥವು. ನಿಜವಾಗಿ ಹೆದರಬೇಕಾದದ್ದು ಕಣ್ಣಿಗೆ ಬೀಳುವುದಿಲ್ಲ. ಅದು ನೀವು ವರ್ಷಗಳಿಂದ ತೆಗೆದುಕೊಳ್ಳುತ್ತಿರುವ ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆಗೂ ಈ ಹೊಸ ಮಾತ್ರೆಗಳಿಗೂ ನಡುವೆ ನಡೆಯುವ ಜಗಳ. ಅದಕ್ಕೆ ಬರುವ ಮೊದಲು, ಇಷ್ಟೊಂದು ಮಾತ್ರೆ ಯಾಕೆ ಬೇಕು ಎಂದು ನೋಡೋಣ.

ಹುಣ್ಣಿಗೆ ಟೆನ್ಷನ್ನು, ಖಾರ, ಹೊತ್ತಿಗೆ ಸರಿಯಾಗಿ ಊಟ ಮಾಡದಿರುವುದು ಕಾರಣ ಎಂದೇ ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ಇಬ್ಬರು ವೈದ್ಯರು 1982ರಲ್ಲಿ ಈ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ ತಾವೇ ಅದನ್ನು ಕುಡಿದು, ಹೊಟ್ಟೆಯುರಿ ಬರಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಸೋಂಕು ಹುಣ್ಣಿಗೆ ಮಾತ್ರವಲ್ಲ, ಕೆಲವರಲ್ಲಿ ಹೊಟ್ಟೆಯ ಕ್ಯಾನ್ಸರಿಗೂ ದಾರಿ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಇದನ್ನು ಕ್ಯಾನ್ಸರ್ ತರುವ ಕಾರಣಗಳ ಮೊದಲ ಪಟ್ಟಿಗೆ ಸೇರಿಸಿದೆ.

ಇದನ್ನು ಕೊಲ್ಲುವುದು ಸುಲಭವಲ್ಲ. ಅದು ಇರುವುದು ಹೊಟ್ಟೆಯ ಗೋಡೆಗೆ ಅಂಟಿದ ಲೋಳೆಯ ಒಳಗೆ. ಸುತ್ತ ಆಸಿಡ್ ಇದ್ದರೂ ಯೂರಿಯೇಸ್ ಎಂಬ ಕಿಣ್ವದಿಂದ ಅಮೋನಿಯಾ ಮಾಡಿಕೊಂಡು ತನ್ನ ಸುತ್ತಲಿನ ಆಸಿಡ್ಡನ್ನು ತಣಿಸಿಕೊಳ್ಳುತ್ತದೆ. ಕ್ಲಾರಿಥ್ರೊಮೈಸಿನ್‌ನಂಥ ಆಂಟಿಬಯಾಟಿಕ್ ಆಸಿಡ್ಡಿನಲ್ಲಿ ಕೆಡುತ್ತದೆ. ಅಮಾಕ್ಸಿಸಿಲಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮರಿ ಹಾಕುತ್ತಿರುವಾಗ ಮಾತ್ರ, ಆಸಿಡ್ ಜಾಸ್ತಿ ಇದ್ದಾಗ ಬ್ಯಾಕ್ಟೀರಿಯಾ ಸುಮ್ನೆ ಬಿದ್ದುಕೊಂಡಿರುತ್ತದೆ. ಅದಕ್ಕೇ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್‌ನಂಥ ಆಸಿಡ್ ಇಳಿಸುವ ಮಾತ್ರೆ ದಿನಕ್ಕೆ ಎರಡು ಸಲ ಬೇಕು. ಅದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕು. ಉಳಿದ ಮಾತ್ರೆಗಳ ಜೊತೆ ಊಟ ಆದಮೇಲೆ ಒಟ್ಟಿಗೆ ನುಂಗಿದರೆ ಅದರ ಶಕ್ತಿ ಕುಗ್ಗುತ್ತದೆ. ಒಂದೇ ಆಂಟಿಬಯಾಟಿಕ್ ಕೊಟ್ಟರೆ ಬ್ಯಾಕ್ಟೀರಿಯಾ ಬೇಗ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತದೆ. ಹಾಗಾಗಿ ಕನಿಷ್ಠ ಎರಡು.

ಹಳೆಯ ಜನಪ್ರಿಯ ಜೋಡಿ ಎಂದರೆ ಆಸಿಡ್ ಮಾತ್ರೆ, ಅಮಾಕ್ಸಿಸಿಲಿನ್ 1 ಗ್ರಾಂ, ಕ್ಲಾರಿಥ್ರೊಮೈಸಿನ್ 500 ಮಿಲಿಗ್ರಾಂ, ಎಲ್ಲವೂ ದಿನಕ್ಕೆ ಎರಡು ಸಲ. ಕೆಲವು ಕಿಟ್‌ಗಳಲ್ಲಿ ಅಮಾಕ್ಸಿಸಿಲಿನ್ ಜಾಗದಲ್ಲಿ ಟಿನಿಡಜೋಲ್ ಇರುತ್ತದೆ. ಇನ್ನೊಂದು ನಾಲ್ಕು ಔಷಧಿಯ ಚಿಕಿತ್ಸೆ: ಆಸಿಡ್ ಮಾತ್ರೆ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್. ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ 2024ರ ಮಾರ್ಗಸೂಚಿಯಲ್ಲಿ, ಯಾವ ಔಷಧಿ ಕೆಲಸ ಮಾಡುತ್ತದೆಂದು ಪರೀಕ್ಷೆ ಮಾಡಿ ತಿಳಿಯದಿದ್ದಾಗ ಮೊದಲ ಸಲವೇ ಈ ನಾಲ್ಕರ ಚಿಕಿತ್ಸೆಯನ್ನು 14 ದಿನ ಕೊಡಿ ಎಂದಿದೆ. ಕ್ಲಾರಿಥ್ರೊಮೈಸಿನ್‌ಗೆ ಬಗ್ಗದ ಬ್ಯಾಕ್ಟೀರಿಯಾ ಎಲ್ಲೆಡೆ ಹೆಚ್ಚಾಗಿರುವುದೇ ಕಾರಣ. ಭಾರತದಲ್ಲೂ ಇದೇ ಕಥೆ, ಅದರ ಜೊತೆಗೆ ಇಲ್ಲಿ ಮೆಟ್ರೊನಿಡಜೋಲ್‌ಗೂ ಬಗ್ಗದ ಬ್ಯಾಕ್ಟೀರಿಯಾ ಬಹಳ. ಭೇದಿ ಆದಾಗಲೆಲ್ಲ ಅಂಗಡಿಯಿಂದ ತಂದು ನುಂಗಿದ್ದು ನೆನಪಿದೆ ಅಲ್ವಾ, ಅದೇ ಮಾತ್ರೆ.

ಇನ್ನು ಅಡ್ಡ ಪರಿಣಾಮಗಳು. ಬಾಯಿಯಲ್ಲಿ ತಾಮ್ರದ ಕಾಸು ಇಟ್ಟುಕೊಂಡಂಥ ರುಚಿ ಬರುವುದು ಕ್ಲಾರಿಥ್ರೊಮೈಸಿನ್ ಅಥವಾ ಮೆಟ್ರೊನಿಡಜೋಲ್‌ನಿಂದ. ಔಷಧಿ ರಕ್ತದಿಂದ ಎಂಜಲಿಗೂ ಇಳಿಯುತ್ತದೆ. ಹಾಗಾಗಿ ಎಷ್ಟು ಬಾಯಿ ಮುಕ್ಕಳಿಸಿದರೂ ಪೂರ್ತಿ ಹೋಗುವುದಿಲ್ಲ. ಏಲಕ್ಕಿಯೋ ನಿಂಬೆ ಪೆಪ್ಪರಮೆಂಟೋ ಬಾಯಲ್ಲಿಟ್ಟುಕೊಂಡರೆ ಸ್ವಲ್ಪ ಹೊತ್ತು ಸಮಾಧಾನ. ಮಾತ್ರೆ ಮುಗಿದ ಕೆಲವೇ ದಿನದಲ್ಲಿ ರುಚಿ ವಾಪಸ್ ಬರುತ್ತದೆ. ಭೇದಿ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಕೊಡುಗೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಅದರ ಕೈಗೆ ಸಿಕ್ಕಿ ಸಾಯುತ್ತವೆ. ತೆಳ್ಳಗೆ ಎರಡು ಮೂರು ಸಲ ಹೋದರೆ ಗಂಜಿ, ಮಜ್ಜಿಗೆ, ನೀರು ಸಾಕು. ಪ್ರೊಬಯಾಟಿಕ್ ಮಾತ್ರೆಯಿಂದ ಈ ಭೇದಿ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಅದಿಲ್ಲದೆ ಚಿಕಿತ್ಸೆ ನಡೆಯುವುದಿಲ್ಲ ಎಂದೇನಿಲ್ಲ.

ಬಿಸ್ಮತ್ ತೆಗೆದುಕೊಂಡವರು ಮಲ ನೋಡಿ ಗಾಬರಿಯಾಗುತ್ತಾರೆ. ಕಪ್ಪು. ನಾಲಿಗೆಯೂ ಕಪ್ಪಾಗಬಹುದು. ದೇಹದಲ್ಲಿರುವ ಗಂಧಕದ ಅಂಶದ ಜೊತೆ ಬಿಸ್ಮತ್ ಸೇರಿ ಕಪ್ಪು ಬಣ್ಣ ಆಗುತ್ತದೆ, ಅಷ್ಟೇ. ಕಬ್ಬಿಣದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುವುದು ಗೊತ್ತಿರುತ್ತದೆ. ಆದರೆ ಹುಣ್ಣು ಇರುವವರು ಒಂದು ವಿಷಯ ತಿಳಿದಿರಲೇಬೇಕು: ಹೊಟ್ಟೆಯೊಳಗೆ ರಕ್ತ ಸುರಿದರೂ ಮಲ ಕಪ್ಪಾಗುತ್ತದೆ. ಆ ಕಪ್ಪು ಡಾಂಬರಿನಂತೆ ಹೊಳೆಯುತ್ತದೆ, ಅಂಟುತ್ತದೆ, ವಿಪರೀತ ಕೆಟ್ಟ ವಾಸನೆ. ಜೊತೆಗೆ ತಲೆ ಸುತ್ತು, ಸುಸ್ತು, ಎದೆ ಡವಡವ. ಹಾಗಾದರೆ ಮಾತ್ರೆಯ ಬಣ್ಣ ಎಂದು ಕೂರಬೇಡಿ, ಆಸ್ಪತ್ರೆಗೆ ಹೋಗಿ. ಮೆಟ್ರೊನಿಡಜೋಲ್‌ನಿಂದ ಮೂತ್ರ ಕಂದು ಬಣ್ಣಕ್ಕೆ ತಿರುಗಬಹುದು, ಅದರಿಂದ ಅಪಾಯವಿಲ್ಲ.

ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಸುಟ್ಟು ಹುಣ್ಣು ಮಾಡುತ್ತದೆ. ದೊಡ್ಡ ಲೋಟದ ತುಂಬ ನೀರು ಕುಡಿಯಿರಿ, ನುಂಗಿದ ತಕ್ಷಣ ಮಲಗಬೇಡಿ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ, ಹೊಲದಲ್ಲಿ ಕೆಲಸ ಮಾಡುವವರು ಮತ್ತು ದಿನವಿಡೀ ಬೈಕಿನಲ್ಲಿ ಓಡಾಡುವವರು ತುಂಬು ತೋಳಿನ ಅಂಗಿ ಹಾಕಿಕೊಳ್ಳಲಿ. ಎಂಟು ವರ್ಷದ ಒಳಗಿನ ಮಕ್ಕಳಿಗೆ ಮತ್ತು ಬಸುರಿಯರಿಗೆ ಇದನ್ನು ಕೊಡುವುದಿಲ್ಲ, ಮಗುವಿನ ಹಲ್ಲಿನ ಬಣ್ಣ ಶಾಶ್ವತವಾಗಿ ಕೆಡುತ್ತದೆ. ಬಸುರಿಯರಿಗೆ ಸಾಮಾನ್ಯವಾಗಿ ಈ ಇಡೀ ಚಿಕಿತ್ಸೆಯನ್ನೇ ಹೆರಿಗೆಯ ನಂತರಕ್ಕೆ ಮುಂದೂಡುತ್ತಾರೆ.

ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಫೋನು ಮಾಡಬೇಕಾದ ಸಂದರ್ಭಗಳೂ ಇವೆ. ಮೈಮೇಲೆ ದದ್ದು, ತುಟಿ ಅಥವಾ ಮುಖ ಊದುವುದು, ಉಸಿರು ಕಟ್ಟುವುದು ಅಲರ್ಜಿಯ ಲಕ್ಷಣ. ಪೆನಿಸಿಲಿನ್ ಅಲರ್ಜಿ ಇರುವವರು ಅಮಾಕ್ಸಿಸಿಲಿನ್ ಮುಟ್ಟಲೇಬಾರದು, ಅದು ಪೆನಿಸಿಲಿನ್ ಕುಟುಂಬದ್ದೇ. ಜ್ವರ, ಹೊಟ್ಟೆ ನುಲಿತದ ಜೊತೆ ನೀರಿನಂಥ ಭೇದಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕ್ಲಾಸ್ಟ್ರಿಡಿಯಂ ಡಿಫಿಸೀಲ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕರುಳಿನಲ್ಲಿ ತಲೆಯೆತ್ತಿರಬಹುದು. ಇದು ಮಾತ್ರೆ ಮುಗಿದು ಕೆಲವು ವಾರದ ಮೇಲೂ ಬರಬಹುದು. ಆಗ ಭೇದಿ ನಿಲ್ಲಿಸುವ ಮಾತ್ರೆ ಸ್ವಂತವಾಗಿ ನುಂಗುವುದು ಅಪಾಯ. ಕೈಕಾಲು ಜೋಮು ಹಿಡಿದು ಉರಿಯತೊಡಗಿದರೆ ಮೆಟ್ರೊನಿಡಜೋಲ್ ಮೇಲೆ ಅನುಮಾನ ಪಡಬೇಕು. ಬಹಳ ಕಾಲ ತೆಗೆದುಕೊಂಡವರಲ್ಲೇ ಇದು ಜಾಸ್ತಿ, ಆದರೂ ಹೇಳಿಬಿಡುವುದು ಒಳ್ಳೆಯದು.

ಈಗ ಮಾತ್ರೆಗಳ ನಡುವಿನ ಜಗಳಕ್ಕೆ ಬರೋಣ. ಇಲ್ಲಿ ದೊಡ್ಡ ತಂಟೆಕೋರ ಕ್ಲಾರಿಥ್ರೊಮೈಸಿನ್.

ನಾವು ನುಂಗುವ ಬಹಳಷ್ಟು ಔಷಧಿಗಳನ್ನು ಲಿವರ್ ಒಡೆದು ಹೊರಗೆ ಕಳಿಸುತ್ತದೆ. ಈ ಕೆಲಸದಲ್ಲಿ ಅತಿ ಹೆಚ್ಚು ಹೊರೆ ಹೊರುವ ಕಿಣ್ವದ ಹೆಸರು ಸಿವೈಪಿ3ಎ4. ಕ್ಲಾರಿಥ್ರೊಮೈಸಿನ್ ಹೋಗಿ ಇದನ್ನೇ ಕಟ್ಟಿಹಾಕುತ್ತದೆ. ಬಚ್ಚಲಿನ ತೂತಿಗೆ ಬಟ್ಟೆ ಸಿಕ್ಕಿಕೊಂಡಾಗ ನಲ್ಲಿಯ ನೀರು ಎಂದಿನಂತೆಯೇ ಬರುತ್ತಿದ್ದರೂ ಬಚ್ಚಲು ತುಂಬುತ್ತದೆ ನೋಡಿ, ಹಾಗೆ. ನೀವು ಎಂದಿನ ಒಂದೇ ಮಾತ್ರೆ ನುಂಗಿರುತ್ತೀರಿ, ರಕ್ತದಲ್ಲಿ ಅದು ಹಲವು ಮಾತ್ರೆಗಳಷ್ಟು ಸೇರಿಕೊಂಡಿರುತ್ತದೆ.

ಕೊಲೆಸ್ಟ್ರಾಲ್ ಮಾತ್ರೆಗಳಿಂದ ಶುರು ಮಾಡೋಣ. ಸಿಮ್ವಾಸ್ಟಾಟಿನ್ ಮತ್ತು ಲೋವಾಸ್ಟಾಟಿನ್ ಜೊತೆ ಕ್ಲಾರಿಥ್ರೊಮೈಸಿನ್ ಕೊಡಲೇಬಾರದು. ಸ್ನಾಯುಗಳು ಕರಗಿ, ಅದರ ಚೂರು ಕಿಡ್ನಿಯಲ್ಲಿ ಸೇರಿ ಕಿಡ್ನಿಯೇ ನಿಂತುಹೋಗಬಹುದು. ನಮ್ಮಲ್ಲಿ ಜಾಸ್ತಿ ಬರೆಯುವ ಅಟೊರ್ವಾಸ್ಟಾಟಿನ್ ಇಷ್ಟು ಕೆಟ್ಟದಲ್ಲ, ಆದರೂ ಜೊತೆಗೆ ಕೊಡುವಾಗ 20 ಮಿಲಿಗ್ರಾಂ ದಾಟಬಾರದು ಎಂಬ ಎಚ್ಚರಿಕೆ ಇದೆ. ಹಾರ್ಟ್ ಅಟ್ಯಾಕ್ ಆದವರಿಗೆ 40, 80 ಬರೆದಿರುವುದು ಮಾಮೂಲಿ. ಡಾಕ್ಟರು ಇದನ್ನು ಎರಡು ವಾರ ನಿಲ್ಲಿಸಬಹುದು, ಇಲ್ಲವೇ ಈ ಕಿಣ್ವದ ಹಂಗಿಲ್ಲದ ರೋಸುವಾಸ್ಟಾಟಿನ್‌ಗೆ ಬದಲಿಸಬಹುದು. ತೊಡೆ, ಭುಜ ವಿನಾಕಾರಣ ನೋಯತೊಡಗಿ ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಅದೇ ದಿನ ತೋರಿಸಬೇಕು.

ಬಿಪಿಗೆ ಅಮ್ಲೋಡಿಪಿನ್ ನುಂಗದ ಮನೆ ಈಗ ಕಡಿಮೆ. ಅದೂ ಇದೇ ಕಿಣ್ವದ ಗಿರಾಕಿ. ಕೆನಡಾದ ಒಂಟಾರಿಯೋದಲ್ಲಿ ಇಂಥ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದ ವಯಸ್ಸಾದವರ ದಾಖಲೆಗಳನ್ನು ನೋಡಿ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕ್ಲಾರಿಥ್ರೊಮೈಸಿನ್ ಪಡೆದವರು ಕಿಡ್ನಿ ತೊಂದರೆಯಿಂದ ಆಸ್ಪತ್ರೆ ಸೇರಿದ್ದು, ಅದೇ ಕುಟುಂಬದ ಅಜಿಥ್ರೊಮೈಸಿನ್ ಪಡೆದವರಿಗೆ ಹೋಲಿಸಿದರೆ ಸುಮಾರು ಎರಡು ಪಟ್ಟು. ಬಿಪಿ ತೀರಾ ಇಳಿದು ಕಿಡ್ನಿಗೆ ರಕ್ತ ಸಾಲದೆ ಹೋಗುವುದು ಇದರ ಹಿಂದಿನ ಕಾರಣ. ಹಾಗೆಂದು ಲೆಕ್ಕ ದೊಡ್ಡದೇನಲ್ಲ, ಎರಡೂ ಗುಂಪಿನಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ನಿಫೆಡಿಪಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಅಪಾಯ ಎಲ್ಲಕ್ಕಿಂತ ಹೆಚ್ಚಿತ್ತು. ವಯಸ್ಸಾದ ಅಪ್ಪನೋ ಅತ್ತೆಯೋ ಈ ಕೋರ್ಸಿನಲ್ಲಿದ್ದಾಗ ಎದ್ದು ನಿಂತರೆ ತಲೆ ಸುತ್ತುತ್ತದೆ ಎಂದರೆ, ಊಟ ಸಾಲದು ಎಂದುಕೊಳ್ಳುವ ಮೊದಲು ಒಮ್ಮೆ ಬಿಪಿ ನೋಡಿಸಿ.

ಸಂಧಿ ಊದುವ ಗೌಟ್ ಕಾಯಿಲೆಗೆ ಕೊಡುವ ಕೊಲ್ಚಿಸಿನ್ ಎಂಬ ಪುಟ್ಟ ಮಾತ್ರೆ ಇದೆ. ಕ್ಲಾರಿಥ್ರೊಮೈಸಿನ್ ಜೊತೆ ಸೇರಿ ಜೀವ ತೆಗೆದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ, ಅದರಲ್ಲೂ ಕಿಡ್ನಿ ಸೋತವರಲ್ಲಿ. ಹೃದಯಕ್ಕೆ ಕೊಡುವ ಡಿಗಾಕ್ಸಿನ್, ಸ್ಟೆಂಟ್ ಹಾಕಿದವರ ಟಿಕಾಗ್ರೆಲರ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಮೈಗ್ರೇನ್‌ಗೆ ಕೊಡುವ ಅರ್ಗೊಟಮಿನ್, ಕಿಡ್ನಿ ಕಸಿ ಆದವರ ಟ್ಯಾಕ್ರೊಲಿಮಸ್, ಆಸ್ತಮಾದ ಥಿಯೋಫಿಲಿನ್ ಇವೆಲ್ಲವೂ ಕ್ಲಾರಿಥ್ರೊಮೈಸಿನ್ ಬಂದರೆ ರಕ್ತದಲ್ಲಿ ಏರುತ್ತವೆ. ಸಕ್ಕರೆ ಕಾಯಿಲೆಗೆ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಸಕ್ಕರೆ ಏಕಾಏಕಿ ಇಳಿಯಬಹುದು. ಬೆವರು, ನಡುಕ ಬಂದರೆ ಗ್ಲೂಕೋಮೀಟರ್ ಹಿಡಿಯಿರಿ.

ನನ್ನ ಪ್ರಕಾರ ಇಲ್ಲಿ ಎಲ್ಲಕ್ಕಿಂತ ಕಡಿಮೆ ಗಮನಕ್ಕೆ ಬರುವುದು ಮನೆಮನೆಯ 'ಗ್ಯಾಸ್ಟ್ರಿಕ್ ಮಾತ್ರೆ'. ಆಸಿಡ್ ಮಾತ್ರೆಗಳ ಹೆಸರಿನ ಕೊನೆಗೆ 'ಡಿ' ಅಥವಾ 'ಡಿಎಸ್‌ಆರ್' ಎಂದಿದ್ದರೆ, ಅದರೊಳಗೆ ಸಾಮಾನ್ಯವಾಗಿ ವಾಂತಿ ತಡೆಯುವ ಡೊಂಪೆರಿಡೋನ್ ಸೇರಿಸಿರುತ್ತಾರೆ. ಡೊಂಪೆರಿಡೋನನ್ನೂ ಒಡೆಯುವುದು ಸಿವೈಪಿ3ಎ4 ಕಿಣ್ವವೇ. ಅದು ರಕ್ತದಲ್ಲಿ ಜಾಸ್ತಿಯಾದರೆ ಹೃದಯದ ಬಡಿತದ ಲಯ ತಪ್ಪುತ್ತದೆ. ಕ್ಲಾರಿಥ್ರೊಮೈಸಿನ್‌ಗೂ ಸ್ವತಃ ಅದೇ ಗುಣ ಇದೆ. ಯುರೋಪಿನ ಔಷಧ ನಿಯಂತ್ರಕರು 2014ರಲ್ಲೇ ಈ ಎರಡನ್ನೂ ಒಟ್ಟಿಗೆ ಕೊಡಬೇಡಿ ಎಂದಿದ್ದಾರೆ. ನಮ್ಮಲ್ಲಿ ಏನಾಗುತ್ತದೆ ಅಂದರೆ, ಕಿಟ್ ನುಂಗಿ ವಾಕರಿಕೆ ಬರುತ್ತದೆ. ಮೆಡಿಕಲ್ ಶಾಪಿಗೆ ಹೋಗುತ್ತೇವೆ. ವಾಕರಿಕೆಗೆ ಅಂತ ಅವರು ಕೊಡುವುದು ಅದೇ ಡಿಎಸ್‌ಆರ್ ಕ್ಯಾಪ್ಸೂಲ್. ಕಿಟ್‌ನಲ್ಲಿ ಆಸಿಡ್ ಮಾತ್ರೆ ಮೊದಲೇ ಇರುವುದರಿಂದ ಇನ್ನೊಂದು ಬೇಕಾಗಿಯೂ ಇರುವುದಿಲ್ಲ. ಹೃದಯದ ತೊಂದರೆ ಇರುವವರು, ಭೇದಿಯಾಗಿ ಪೊಟ್ಯಾಸಿಯಂ ಇಳಿದವರು, ವಯಸ್ಸಾದವರು ಇದನ್ನು ತಪ್ಪಿಸಲೇಬೇಕು. ಹೃದಯ ರೋಗಿಗಳ ವಿಷಯದಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2018ರಲ್ಲಿ ಕ್ಲಾರಿಥ್ರೊಮೈಸಿನ್ ಬಗ್ಗೆಯೇ ಪ್ರತ್ಯೇಕ ಎಚ್ಚರಿಕೆ ಕೊಟ್ಟಿದೆ.

ಹಾಗಾದರೆ ನಾಲ್ಕರ ಚಿಕಿತ್ಸೆ ಒಳ್ಳೆಯದಲ್ವಾ, ಅದರಲ್ಲಿ ಕ್ಲಾರಿಥ್ರೊಮೈಸಿನ್ ಇಲ್ಲವಲ್ಲ ಎನ್ನಬಹುದು. ಹಲವರಿಗೆ ಹೌದು. ಆದರೆ ಮೆಟ್ರೊನಿಡಜೋಲ್‌ಗೂ ಅದರದೇ ಜಗಳಗಳಿವೆ. ಹೃದಯದ ಕವಾಟ ಬದಲಿಸಿದವರು ವಾರ್ಫರಿನ್ ಅಥವಾ ಅಸೆನೊಕೌಮರಾಲ್ ನುಂಗುತ್ತಿರುತ್ತಾರೆ. ಮೆಟ್ರೊನಿಡಜೋಲ್ ಇವುಗಳನ್ನು ಲಿವರ್ ಒಡೆಯುವುದನ್ನು ತಡೆದು ರಕ್ತವನ್ನು ಬೇಕಾದದ್ದಕ್ಕಿಂತ ತೆಳು ಮಾಡುತ್ತದೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಮೊದಲ ಸೂಚನೆ. ಇಂಥವರಿಗೆ ಕೋರ್ಸ್ ಶುರುವಾದ ಕೆಲವೇ ದಿನದಲ್ಲಿ, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ ಮಾಡಿಸಬೇಕು, ಮುಗಿದ ಮೇಲೂ ಒಮ್ಮೆ. ಕ್ಲಾರಿಥ್ರೊಮೈಸಿನ್ ಆದರೂ ಇದೇ ನಿಯಮ. ಮನೋರೋಗಕ್ಕೆ ಲಿಥಿಯಂ ತೆಗೆದುಕೊಳ್ಳುವವರು, ಫಿಟ್ಸ್‌ಗೆ ಫೆನಿಟಾಯಿನ್ ತೆಗೆದುಕೊಳ್ಳುವವರು ಮೆಟ್ರೊನಿಡಜೋಲ್ ವಿಷಯವನ್ನು ತಮ್ಮ ಡಾಕ್ಟರಿಗೆ ಮೊದಲೇ ತಿಳಿಸಬೇಕು.

ಮೆಟ್ರೊನಿಡಜೋಲ್ ಅಥವಾ ಟಿನಿಡಜೋಲ್ ಜೊತೆ ಮದ್ಯ ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದು, ವಾಂತಿಯಾಗುತ್ತದೆ ಎಂಬ ಎಚ್ಚರಿಕೆ ಹಳೆಯದು. ಎಲ್ಲರಿಗೂ ಹೀಗಾಗುವುದಿಲ್ಲ, ಇದು ಎಷ್ಟು ನಿಜ ಎಂದು ಸಂಶೋಧಕರಲ್ಲೇ ವಾದ ಇದೆ. ಆದರೂ ಔಷಧಿಯ ಲೇಬಲ್ಲು ಕೋರ್ಸ್ ಮುಗಿದು ಮೂರು ದಿನದವರೆಗೆ ಬೇಡ ಎನ್ನುತ್ತದೆ. ಹುಣ್ಣಿಗೆ ಚಿಕಿತ್ಸೆ ತೆಗೆದುಕೊಳ್ಳುತ್ತಾ ಕುಡಿಯುವುದಕ್ಕೆ ಬೇರೆ ಸಮರ್ಥನೆಯೂ ಇಲ್ಲ ಬಿಡಿ. ಹೆಚ್ಚಿನವರಿಗೆ ಹೊಳೆಯದ ಒಂದು ಸಂಗತಿ: ಜೀರ್ಣಕ್ಕೆಂದು ಊಟದ ನಂತರ ಕುಡಿಯುವ ಆಯುರ್ವೇದದ ಅರಿಷ್ಟ, ಆಸವಗಳನ್ನು ಹುದುಗಿಸಿಯೇ ಮಾಡುವುದು. ಅವುಗಳಲ್ಲಿ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಬಾಟಲಿಯ ಮೇಲೆ ಬರೆದೂ ಇರುತ್ತಾರೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಇದೆ. ಆ ಎರಡು ವಾರ ಅವನ್ನು ಬದಿಗಿಡುವುದು ಕಷ್ಟವೇನಲ್ಲ.

ಟೆಟ್ರಾಸೈಕ್ಲಿನ್ ಜಗಳ ಲಿವರಿನಲ್ಲಿ ನಡೆಯುವುದಲ್ಲ, ತಟ್ಟೆಯಲ್ಲೇ ಶುರು. ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಸಿಯಂ, ಅಲ್ಯೂಮಿನಿಯಂ ಸಿಕ್ಕರೆ ಅದು ಅವುಗಳಿಗೆ ಅಂಟಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಹಾಲು, ಮೊಸರು, ಪನೀರ್, ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ, ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್ ಎಲ್ಲವೂ ಈ ಪಟ್ಟಿಯಲ್ಲಿ. ಮೊಸರನ್ನ ಉಂಡ ತಕ್ಷಣ ಈ ಕ್ಯಾಪ್ಸೂಲ್ ನುಂಗಿದರೆ ದುಡ್ಡು ದಂಡ. ರಾಗಿಯಲ್ಲೂ ಕ್ಯಾಲ್ಸಿಯಂ ಧಾರಾಳ, ಹಾಗಾಗಿ ರಾಗಿ ಅಂಬಲಿಯ ಜೊತೆಗೂ ಬೇಡ. ಎರಡರ ನಡುವೆ ಎರಡು ಗಂಟೆಯಾದರೂ ಬಿಡಿ. ಅಮಾಕ್ಸಿಸಿಲಿನ್, ಕ್ಲಾರಿಥ್ರೊಮೈಸಿನ್ ಕಿಟ್ಟಿಗೆ ಹಾಲು ಮೊಸರಿನ ಈ ಪಥ್ಯ ಬೇಕಿಲ್ಲ.

ಮೊದಲ ಸಲ ಸೋತವರಿಗೆ ಲೆವೊಫ್ಲಾಕ್ಸಸಿನ್ ಇರುವ ಕೋರ್ಸ್ ಕೊಡುವುದುಂಟು. ಆಂಟಾಸಿಡ್, ಕಬ್ಬಿಣದ ತಕರಾರು ಇದಕ್ಕೂ ಇದೆ. ಹಿಮ್ಮಡಿಯ ಮೇಲಿನ ಸ್ನಾಯುಬಂಧ ನೋಯಬಹುದು, ಅಪರೂಪಕ್ಕೆ ಹರಿಯಬಹುದು, ಸ್ಟಿರಾಯ್ಡ್ ತೆಗೆದುಕೊಳ್ಳುವ ಹಿರಿಯರಲ್ಲಿ ಹೆಚ್ಚು. ಸಕ್ಕರೆ ಏರುಪೇರಾಗುತ್ತದೆ. ಭಾರತಕ್ಕೆ ಸೇರಿದ ಇನ್ನೊಂದು ಆತಂಕವೂ ಇದೆ. ಈ ಔಷಧಿ ಟಿಬಿ ಬ್ಯಾಕ್ಟೀರಿಯಾವನ್ನೂ ಅಷ್ಟಿಷ್ಟು ಹೊಡೆಯುತ್ತದೆ. ಗೊತ್ತಾಗದೆ ಟಿಬಿ ಇರುವವರಿಗೆ ಕೊಟ್ಟರೆ ಕೆಮ್ಮು ಸ್ವಲ್ಪ ಕಾಲ ತಗ್ಗಿ, ರೋಗ ಪತ್ತೆಯಾಗುವುದು ತಡವಾಗುತ್ತದೆ. ಎರಡು ವಾರಕ್ಕಿಂತ ಹೆಚ್ಚು ದಿನದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಈ ಮಾತ್ರೆಗೆ ಮೊದಲು ಅದನ್ನು ಹೇಳಲೇಬೇಕು.

ಆಸಿಡ್ ಮಾತ್ರೆ ಬಡಪಾಯಿ ಎನಿಸಿದರೂ, ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್ ಸ್ಟೆಂಟ್ ಹಾಕಿದವರ ಕ್ಲೊಪಿಡೊಗ್ರೆಲ್ ಶಕ್ತಿಯನ್ನು ತಗ್ಗಿಸುತ್ತವೆ. ಪ್ಯಾಂಟೊಪ್ರಜೋಲ್‌ಗೆ ಬದಲಿಸಿದರೆ ಆಯಿತು.

ಇಷ್ಟನ್ನೂ ನೆನಪಿಟ್ಟುಕೊಳ್ಳುವುದು ರೋಗಿಯ ಕೆಲಸವಲ್ಲ. ನಿಮ್ಮ ಕೆಲಸ ಒಂದೇ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನು ಒಂದು ಕವರಿಗೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಬಿಪಿಯದು, ಶುಗರಿನದು, ಹಾರ್ಟಿನದು, ನೋವಿನದು, ಆಯುರ್ವೇದದ್ದು, ನೆರೆಯವರು ಕೊಟ್ಟದ್ದು ಕೂಡ. 'ಬಿಪಿ ಮಾತ್ರೆ, ಬಿಳಿ ಬಣ್ಣದ್ದು' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಇದನ್ನು ಓದಿ ಗಾಬರಿಯಾಗಿ ಹೃದಯದ ಮಾತ್ರೆಯನ್ನೋ ರಕ್ತ ತೆಳು ಮಾಡುವ ಮಾತ್ರೆಯನ್ನೋ ನೀವೇ ನಿಲ್ಲಿಸಬೇಡಿ, ಅದು ಇನ್ನೂ ಕೆಟ್ಟದ್ದು. ಎರಡು ವಾರಕ್ಕೆ ಯಾವುದನ್ನು ನಿಲ್ಲಿಸಬಹುದು, ಯಾವುದಕ್ಕೆ ಡೋಸ್ ಇಳಿಸಬೇಕು, ಯಾವ ಕೋರ್ಸ್ ನಿಮಗೆ ಹೊಂದುತ್ತದೆ ಎಂದು ಅವರು ನೋಡುತ್ತಾರೆ.

ಕೋರ್ಸ್ ಮುಗಿದ ಮೇಲೆ ಹೊಟ್ಟೆನೋವು ಹೋಯಿತು ಎಂದು ಸುಮ್ಮನಾಗುವಂತಿಲ್ಲ. ನೋವು ಹೋದರೂ ಬ್ಯಾಕ್ಟೀರಿಯಾ ಉಳಿದಿರಬಹುದು. ಕನಿಷ್ಠ ನಾಲ್ಕು ವಾರ ಬಿಟ್ಟು ಉಸಿರಿನ ಪರೀಕ್ಷೆ ಅಥವಾ ಮಲದ ಪರೀಕ್ಷೆ ಮಾಡಿಸಬೇಕು. ಆ ನಾಲ್ಕು ವಾರ ಬೇರೆ ಆಂಟಿಬಯಾಟಿಕ್ ಮತ್ತು ಬಿಸ್ಮತ್ ಬೇಡ, ಕೊನೆಯ ಎರಡು ವಾರ ಆಸಿಡ್ ಮಾತ್ರೆಯೂ ಬೇಡ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಅಡಗಿ, ಪರೀಕ್ಷೆ ಸುಳ್ಳು ಹೇಳುತ್ತದೆ. ರಕ್ತದ ಪರೀಕ್ಷೆ ಇದಕ್ಕೆ ಉಪಯೋಗವಿಲ್ಲ, ಬ್ಯಾಕ್ಟೀರಿಯಾ ಸತ್ತು ಬಹಳ ಕಾಲವಾದರೂ ಅದು ಪಾಸಿಟಿವ್ ತೋರಿಸುತ್ತಿರುತ್ತದೆ.

ಪರೀಕ್ಷೆ ಪಾಸಿಟಿವ್ ಬಂದರೆ ಎರಡನೇ ಕೋರ್ಸ್. ಆಗ ಡಾಕ್ಟರು ಮೊದಲು ಕೇಳುವುದು ಹಿಂದೆ ಯಾವ ಆಂಟಿಬಯಾಟಿಕ್ ತೆಗೆದುಕೊಂಡಿದ್ದಿರಿ ಎಂದು. ಒಮ್ಮೆ ಸೋತ ಕ್ಲಾರಿಥ್ರೊಮೈಸಿನ್ ಅಥವಾ ಲೆವೊಫ್ಲಾಕ್ಸಸಿನ್ ಮತ್ತೆ ಕೊಟ್ಟು ಪ್ರಯೋಜನವಿಲ್ಲ. ಅಮಾಕ್ಸಿಸಿಲಿನ್ ಮತ್ತು ಟೆಟ್ರಾಸೈಕ್ಲಿನ್ ಮತ್ತೆ ಬಳಸಬಹುದು, ಅವುಗಳಿಗೆ ಈ ಬ್ಯಾಕ್ಟೀರಿಯಾ ಅಷ್ಟು ಸುಲಭವಾಗಿ ಒಗ್ಗಿಕೊಳ್ಳುವುದಿಲ್ಲ. ಶೀತ ಕೆಮ್ಮಿಗೆಂದು ನುಂಗಿದ ಅಜಿಥ್ರೊಮೈಸಿನ್ ಕೂಡ ಈ ಲೆಕ್ಕಕ್ಕೆ ಬರುತ್ತದೆ, ಅದು ಕ್ಲಾರಿಥ್ರೊಮೈಸಿನ್‌ನ ಕುಟುಂಬದ್ದೇ. ಹಾಗಾಗಿ ಕಿಟ್ ಮುಗಿದ ಮೇಲೆ ಖಾಲಿ ಪೊಟ್ಟಣ ಎಸೆಯುವ ಮೊದಲು ಅದರದ್ದೊಂದು ಫೋಟೋ ತೆಗೆದಿಟ್ಟುಕೊಳ್ಳಿ.